ಹಸ್ತಪ್ರತಿ ಭಂಡಾರದ ಸೂಚಿ ಹೇಗಿರಬೇಕು?

ಶಾಲಾ ಸೇವೆಯಿಂದ ನಿವೃತ್ತನಾದ ಹೊಸದರಲ್ಲಿ ನಮ್ಮ ಸೀಮೆಯ ಹಳೆಯ ಮಠವೊಂದರ ಪೂಜ್ಯರು ನನ್ನನ್ನು ಬರಮಾಡಿಕೊಂಡು, ಮಠದ ಭಂಡಾರದಲ್ಲಿರುವ ತಾಡವೋಲೆಯ ಕಟ್ಟುಗಳನ್ನು ಒಂದು ಕ್ರಮಕ್ಕೆ ತಂದುಕೊಡಬೇಕೆಂದು ಅಪ್ಪಣೆ ಕೊಡಿಸಿದರು. ಕಟ್ಟುಗಳ ಜೊತೆಗೆ, ಹಿಂದೆ ಯಾರೋ ಪುಣ್ಯಾತ್ಮರು ದುಂಡಾದ ಅಕ್ಷರಗಳಲ್ಲಿ ಬರೆದಿಟ್ಟ ಪಟ್ಟಿಯೊಂದು ಇದ್ದಿತು. ಅದರಲ್ಲಿ 41 ಸಾಲುಗಳು. ಒಂದೊಂದು ಕಟ್ಟಿಗೆ ಒಂದೊಂದು ಸಾಲು. ಪೆಟ್ಟಿಗೆಯಲ್ಲಿದ್ದುದು 34 ಕಟ್ಟುಗಳು ಮಾತ್ರ. ಹಾಗಾದರೆ ಇಲ್ಲವಾದ ಏಳು ಯಾವುವು? ಪಟ್ಟಿಯಲ್ಲಿ ಪ್ರಭುಲಿಂಗಲೀಲೆ, ಬಸವಪುರಾಣ ಎಂದು ಮುಂತಾಗಿ ಹೆಸರು ಹಿಡಿದು ಬರೆದಿದ್ದ 22 ಕಟ್ಟುಗಳೂ ಒಂದು ತಪ್ಪದೆ ದೊರೆತವು. ಉಳಿದ 19 ಸಾಲುಗಳಲ್ಲಿ ಒಂದೇ ಒಕ್ಕಣೆ: ‘ತಾಳೆಗರಿ ಕಟ್ಟು – ವಚನ.’ ಅಂಥವು ಪೆಟ್ಟಿಗೆಯಲ್ಲಿ ಹನ್ನೆರಡೇ ಇದ್ದವು. ಹೋದ ಏಳರಲ್ಲಿ ಯಾವ ಶರಣರ ವಚನಗಳಿದ್ದವು, ಎಷ್ಟು ಗರಿಗಳಿದ್ದವು, ಯಾವ ಕಾಲದ ಪ್ರತಿಗಳು ಎಂಬುದನ್ನು ಇಂದು ಯಾರೂ ಹೇಳಲಾರರು. ನಾಳೆ ಆ ಕಟ್ಟುಗಳಲ್ಲೊಂದು ಬೇರೆಲ್ಲಿಯೋ ಕಣ್ಣಿಗೆ ಬಿದ್ದರೂ, ಅದು ಈ ಮಠದ್ದೆಂದು ತೋರಿಸಿಕೊಡುವ ಒಂದು ಅಕ್ಷರವೂ ಆ ಪಟ್ಟಿಯಲ್ಲಿಲ್ಲ.

ಪಟ್ಟಿ ಬರೆದವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಅವರು ಬರೆದಿಟ್ಟುದರಿಂದಲೇ ಏಳು ಕಟ್ಟುಗಳು ಹೋಗಿವೆಯೆಂಬುದಾದರೂ ನಮಗೆ ತಿಳಿಯಿತು. ಆದರೆ ಎಣಿಕೆ ಬೇರೆ, ಸೂಚಿ ಬೇರೆ. ವಸ್ತುವನ್ನು ಕಾಣದಿರುವ ವಾಚಕನಿಗೆ ಆ ವಸ್ತುವಿನ ಗುರುತು ಸಿಕ್ಕುವಂತೆ ಬರೆದುದು ಸೂಚಿ. ಅದನ್ನು ಬರೆಯುವುದಕ್ಕೆ ಲೋಕದ ಗ್ರಂಥಾಲಯಗಳಲ್ಲಿ ಬೆಳೆದುಬಂದ ನಿಯಮಗಳುಂಟು. ಆ ನಿಯಮಗಳು ಯಾವುವು, ಅವು ನಮ್ಮ ಓಲೆಯ ಕಟ್ಟುಗಳಿಗೆ, ಅದರಲ್ಲಿಯೂ ವಚನದ ಕಟ್ಟುಗಳಿಗೆ, ಎಷ್ಟರಮಟ್ಟಿಗೆ ಒಪ್ಪುತ್ತವೆ ಎಂಬುದನ್ನು ತಿಳಿಸುವುದು ಪ್ರಕೃತ ಲೇಖನದ ಉದ್ದೇಶ.

ಅಚ್ಚಿನ ಪುಸ್ತಕ ಮತ್ತು ಓಲೆಯ ಕಟ್ಟು

ಅಚ್ಚಾದ ಪುಸ್ತಕಕ್ಕೆ ಮುಖಪುಟವಿರುತ್ತದೆ. ಗ್ರಂಥದ ಹೆಸರು, ಕರ್ತೃವಿನ ಹೆಸರು, ಪ್ರಕಾಶಕರು, ವರ್ಷ, ಇವೆಲ್ಲ ಅಲ್ಲಿಯೇ ದೊರೆಯುತ್ತವೆ. ಸೂಚಿಕಾರನ ಕೆಲಸ ಅವನ್ನು ಗೊತ್ತಾದ ಕ್ರಮದಲ್ಲಿ ಎತ್ತಿ ಬರೆಯುವುದು. ಒಂದು ಮುದ್ರಣದ ಸಾವಿರ ಪ್ರತಿಗಳೂ ಸಾಮಾನ್ಯವಾಗಿ ಒಂದೇ ಬಗೆಯಾಗಿರುವುದರಿಂದ ಧಾರವಾಡದಲ್ಲಿ ಬರೆದ ವಿವರ ಮೈಸೂರಿನ ಪ್ರತಿಗೂ ಸಲ್ಲುತ್ತದೆ. ಹಸ್ತಪ್ರತಿಗೆ ಈ ಎರಡು ಅನುಕೂಲಗಳೂ ಇಲ್ಲ. ಮುಖಪುಟವಿಲ್ಲ, ಮೊದಲ ಗರಿಯೇ ಮುರಿದುಹೋಗಿರಬಹುದು. ಒಂದರಂತೆ ಇನ್ನೊಂದು ಪ್ರತಿಯೂ ಇಲ್ಲ. ಒಂದೇ ಕಾವ್ಯದ ಎರಡು ಓಲೆಪ್ರತಿಗಳು ಪಾಠದಲ್ಲಿ, ಪದ್ಯಸಂಖ್ಯೆಯಲ್ಲಿ, ಕಡೆಗೆ ಹೆಸರಿನಲ್ಲಿಯೂ ಭಿನ್ನವಾಗಿರುತ್ತವೆ.

ಗ್ರಂಥಾಲಯ ಶಾಸ್ತ್ರಜ್ಞರು ಈ ಭೇದವನ್ನು ಮನಗಂಡು, ಸಾಮಾನ್ಯ ಪುಸ್ತಕಗಳ ನಿಯಮಗಳ ಪಕ್ಕದಲ್ಲಿಯೇ ವಿಶೇಷ ಸಂಗ್ರಹಗಳಿಗೆ ಬೇರೆ ನಿಯಮಗಳನ್ನು ಕಟ್ಟುತ್ತ ಬಂದರು. ನಮ್ಮ ದೇಶದಲ್ಲಿ ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರು ಎಸ್. ಆರ್. ರಂಗನಾಥನ್ (1892–1972). ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾಗಿ, 1934ರಲ್ಲಿ ತಮ್ಮ ವರ್ಗೀಕೃತ ಸೂಚೀ ಸಂಹಿತೆಯನ್ನು ಪ್ರಕಟಿಸಿದರು. ಪಶ್ಚಿಮದಲ್ಲಿ ಆಂಗ್ಲೋ-ಅಮೆರಿಕನ್ ಸೂಚೀಕರಣ ನಿಯಮಗಳ ಎರಡನೆಯ ಆವೃತ್ತಿ 1978ರಲ್ಲಿ ಬಂದಿತು. ಅದರ ಸ್ಥಾನದಲ್ಲಿ ಹೊಸ ನಿಯಮಾವಳಿಯೊಂದು 2010ರಲ್ಲಿ ಬಂದಿತು. ಹಳೆಯ ಅಚ್ಚು ಪುಸ್ತಕಗಳಿಗಾಗಿ ಅಂತರರಾಷ್ಟ್ರೀಯ ವಿವರಣಾ ಮಾನಕವು 1980ರಲ್ಲಿಯೂ, ಅಪೂರ್ವ ಪುಸ್ತಕಗಳಿಗಾಗಿ ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದ ನಿಯಮಗಳು 1981ರಲ್ಲಿಯೂ ಹೊರಬಂದವು. ಮುದ್ರಣಪೂರ್ವ ಯುಗದ ಯುರೋಪಿನ ಹಸ್ತಪ್ರತಿಗಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ರಚಿತವಾದ ನಿಯಮಾವಳಿ 2003ರಲ್ಲಿ, ಬಿಡಿ ಹಸ್ತಪ್ರತಿಗಳಿಗೆ ಸಂಬಂಧಿಸಿದ ಮತ್ತೊಂದು 2016ರಲ್ಲಿ ಪ್ರಕಟವಾದವು. ಇವು ಬೇರೆ ದೇಶದ ಚರ್ಮಪತ್ರ, ಕಾಗದಗಳನ್ನು ಕುರಿತು ಹುಟ್ಟಿದವು, ನಿಜ. ಆದರೆ ಇವುಗಳ ತಿರುಳಾದ ತತ್ತ್ವಗಳು ಯಾವ ದೇಶದ ಕೈಬರಹಕ್ಕಾದರೂ ಹೊಂದುತ್ತವೆ.

ಇದ್ದುದು ಮತ್ತು ಊಹಿಸಿದುದು

ಅಂತಹ ತತ್ತ್ವಗಳಲ್ಲಿ ಮೊದಲನೆಯದು ಇದು: ಪ್ರತಿಯಲ್ಲಿ ಏನು ಬರೆದಿದೆಯೋ ಅದನ್ನು ಇದ್ದಂತೆಯೇ ಬರೆಯಬೇಕು, ಸೂಚಿಕಾರನು ತನ್ನ ತಿಳಿವಳಿಕೆಯಿಂದ ಸೇರಿಸಿದುದನ್ನು ಚೌಕ ಕಂಸದೊಳಗೆ ಇಡಬೇಕು, ಹಾಗೆ ಸೇರಿಸುವುದಕ್ಕೆ ಆಧಾರವೇನೆಂಬುದನ್ನು ಟಿಪ್ಪಣಿಯಲ್ಲಿ ತಿಳಿಸಬೇಕು. ನೋಡಲು ಇದು ಸಣ್ಣ ಮಾತು. ನನ್ನ ಅನುಭವದಲ್ಲಿ ಮಿಕ್ಕ ಎಲ್ಲ ನಿಯಮಗಳೂ ಇದರಿಂದಲೇ ಹುಟ್ಟುತ್ತವೆ.

ನಾನೇ ಮಾಡಿದ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮೇಲೆ ಹೇಳಿದ ಮಠದ ಕಟ್ಟೊಂದನ್ನು ಬಿಚ್ಚಿದಾಗ ಮೊದಲ ನಾಲ್ಕೈದು ಗರಿಗಳಲ್ಲಿ ಬಸವಣ್ಣನವರ ಅಂಕಿತವಿರುವ ವಚನಗಳು ಕಂಡವು. ಉತ್ಸಾಹದಲ್ಲಿ ‘ಬಸವಣ್ಣನವರ ವಚನಗಳು’ ಎಂದು ಚೀಟಿ ಬರೆದು ಕಟ್ಟಿಟ್ಟೆನು. ಎರಡು ವರ್ಷಗಳ ತರುವಾಯ ಬಿಡುವಾಗಿ ಓದಿದಾಗ, ಅದು ಭಕ್ತ, ಮಾಹೇಶ್ವರ, ಪ್ರಸಾದಿ ಎಂಬ ಕ್ರಮದಲ್ಲಿ ಹಲವು ಶರಣರ ವಚನಗಳನ್ನು ಜೋಡಿಸಿದ ಷಟ್‌ಸ್ಥಲ ಸಂಕಲನವೆಂದು ತಿಳಿಯಿತು. ಅಷ್ಟರೊಳಗೆ ಅಂಥ ಸಂಕಲನಗಳನ್ನೇ ಹುಡುಕಿಕೊಂಡು ಬಂದ ಸಂಶೋಧಕರೊಬ್ಬರು ನನ್ನ ಚೀಟಿಯನ್ನು ನಂಬಿ, ಕಟ್ಟನ್ನು ಬಿಚ್ಚದೆಯೇ ಹಿಂದಿರುಗಿದ್ದರು. ಆ ಹೆಸರನ್ನು ನಾನು ಚೌಕ ಕಂಸದಲ್ಲಿಟ್ಟು, ‘ಮೊದಲ ಐದು ಗರಿಗಳನ್ನು ಮಾತ್ರ ನೋಡಿ ಕೊಟ್ಟ ಹೆಸರು’ ಎಂದು ಒಂದು ಸಾಲು ಬರೆದಿದ್ದರೆ ಅವರು ಮುಂದಿನ ಗರಿಯನ್ನು ತಿರುವಿ ನೋಡುತ್ತಿದ್ದರು. ಚೌಕ ಕಂಸವೆಂಬುದು ಸೂಚಿಕಾರನ ಪ್ರಾಮಾಣಿಕತೆಯ ಗುರುತು ಎಂಬುದನ್ನು ಆ ದಿನ ಅರಿತೆನು.

ಹೆಸರುಗಳ ತೊಡಕು

ಕೃತಿಯ ಹೆಸರಿನಲ್ಲಿ ಎರಡು ಬಗೆಯ ತೊಡಕುಗಳುಂಟು: ಒಂದೇ ಹೆಸರಿನ ಹಲವು ಕೃತಿಗಳು, ಒಂದೇ ಕೃತಿಗೆ ಹಲವು ಹೆಸರುಗಳು.

ಮೊದಲನೆಯದಕ್ಕೆ ಶೂನ್ಯಸಂಪಾದನೆಗಿಂತ ಉತ್ತಮವಾದ ನಿದರ್ಶನ ಬೇಕಿಲ್ಲ. ಅಲ್ಲಮಪ್ರಭುಗಳನ್ನು ಕೇಂದ್ರದಲ್ಲಿರಿಸಿ, ಶರಣರ ವಚನಗಳನ್ನು ಸಂವಾದರೂಪವಾಗಿ ಹೆಣೆದ ಈ ಗ್ರಂಥಕ್ಕೆ ಶಿವಗಣಪ್ರಸಾದಿ ಮಹದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ನಾಲ್ವರ ನಾಲ್ಕು ಪರಿಷ್ಕರಣಗಳಿವೆ. ವಚನಗಳ ಸಂಖ್ಯೆಯಲ್ಲಿ, ಪ್ರಸಂಗಗಳ ಜೋಡಣೆಯಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವುಂಟು. ಸೂಚಿಯಲ್ಲಿ ‘ಶೂನ್ಯಸಂಪಾದನೆ’ ಎಂದಷ್ಟೇ ಬರೆದರೆ ನಾಲ್ಕರಲ್ಲಿ ಯಾವುದೆಂಬುದು ವಾಚಕನಿಗೆ ತಿಳಿಯದು. ಹಾಗೆಯೇ ಬಸವಪುರಾಣವೆಂದರೆ ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯೂ ಆಗಬಹುದು, ಅದನ್ನು ಆಧರಿಸಿ ಭೀಮಕವಿಯು 1369ರಲ್ಲಿ ರಚಿಸಿದ ಕನ್ನಡ ಷಟ್ಪದಿ ಕಾವ್ಯವೂ ಆಗಬಹುದು. ಎರಡನೆಯ ಬಗೆಗೆ ಸಿಂಗಿರಾಜನ ಕೃತಿ ನಿದರ್ಶನ: ಮಹಾಬಸವರಾಜ ಚಾರಿತ್ರವೆಂದೂ ಸಿಂಗಿರಾಜ ಪುರಾಣವೆಂದೂ ಅದನ್ನು ಕರೆಯುವುದುಂಟು. ಒಂದು ಭಂಡಾರದಲ್ಲಿ ‘ಮ’ಕಾರದಲ್ಲಿಯೂ ಇನ್ನೊಂದರಲ್ಲಿ ‘ಸ’ಕಾರದಲ್ಲಿಯೂ ಅದು ಅಡಗಿ ಕುಳಿತಿದ್ದರೆ, ಎರಡೂ ಒಂದೇ ಎಂದು ಹೊಸಬನಿಗೆ ಹೇಗೆ ತಿಳಿಯಬೇಕು?

ಇದಕ್ಕೆ ಶಾಸ್ತ್ರಜ್ಞರು ಕಂಡುಕೊಂಡ ಪರಿಹಾರವೆಂದರೆ ಎರಡು ಹೆಸರುಗಳನ್ನೂ ಬರೆಯುವುದು. ಓಲೆಯಲ್ಲಿ ಕಂಡ ಹೆಸರು ಒಂದು ಅಂಕಣದಲ್ಲಿ. ವಿದ್ವಾಂಸರಲ್ಲಿ ರೂಢವಾದ, ಎಲ್ಲ ಭಂಡಾರಗಳೂ ಒಪ್ಪಿ ಬಳಸುವ ಏಕರೂಪದ ಹೆಸರು ಇನ್ನೊಂದು ಅಂಕಣದಲ್ಲಿ. ಕರ್ತೃಗಳ ವಿಷಯದಲ್ಲಿಯೂ ಇದೇ ಕ್ರಮ. ಅಲ್ಲಮ, ಪ್ರಭುದೇವ, ಅಲ್ಲಮಪ್ರಭು ಎಂಬ ಹೆಸರುಗಳಲ್ಲಿ ಒಂದನ್ನು ಅಧಿಕೃತವೆಂದು ಇಟ್ಟುಕೊಂಡು, ಮಿಕ್ಕವುಗಳಿಂದ ಅದಕ್ಕೆ ದಾರಿ ತೋರಿಸಬೇಕು. ಯಾವ ರೂಪವನ್ನು ಆರಿಸಿದೆವೆಂಬುದಕ್ಕಿಂತ, ಆರಿಸಿದುದನ್ನು ಕಡೆಯವರೆಗೂ ಬಿಡದೆ ಪಾಲಿಸುವುದು ಮುಖ್ಯ. ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆ, 1907ರಲ್ಲಿ ಅದರ ಮೊದಲ ಸಂಪುಟ ಬಂದಂದಿನಿಂದ, ಕನ್ನಡ ಕವಿಗಳ ಹೆಸರುಗಳ ವಿಷಯದಲ್ಲಿ ಇಂಥದೊಂದು ಆಧಾರವಾಗಿ ನಿಂತಿದೆ. ವಚನಗಳ ಮಟ್ಟಿಗೆ ಕರ್ನಾಟಕ ಸರ್ಕಾರದ ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟ ಈ ಉಪಕಾರವನ್ನು ಮಾಡಿದೆ. ಓಲೆಯ ವಚನವು ಆ ಸಂಪುಟಗಳಲ್ಲಿ ಇದ್ದರೆ ಅಲ್ಲಿಯ ಸಂಪುಟ ಮತ್ತು ವಚನಸಂಖ್ಯೆಯನ್ನು ಕೊಟ್ಟರೆ ಸಾಕು, ಓದುಗನು ನೇರವಾಗಿ ಅಲ್ಲಿಗೆ ತಲುಪುತ್ತಾನೆ. ಅಲ್ಲಿ ಸಿಕ್ಕದ ವಚನವೊಂದು ಓಲೆಯಲ್ಲಿದ್ದರೆ ಅದು ಪರಿಶೀಲನೆಗೆ ಅರ್ಹವಾದುದೆಂದು ಅದರಿಂದಲೇ ಗೊತ್ತಾಗುತ್ತದೆ.

ಅಂಕಿತದ ವಿಚಾರ

ವಚನದ ಕಟ್ಟುಗಳಲ್ಲಿ ಕರ್ತೃವನ್ನು ಗುರುತಿಸಲು ನಮಗಿರುವ ಮುಖ್ಯ ಸಾಧನ ಅಂಕಿತ. ಬೇರೆ ಭಾಷೆಗಳ ಸೂಚೀ ನಿಯಮಗಳಲ್ಲಿ ಇದಕ್ಕೆ ಅಂಕಣವಿರುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ಗುಹೇಶ್ವರ ಎಂದರೆ ಅಲ್ಲಮಪ್ರಭುಗಳು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿ, ಕಪಿಲಸಿದ್ಧಮಲ್ಲಿಕಾರ್ಜುನ ಎಂದರೆ ಸಿದ್ಧರಾಮೇಶ್ವರರು ಎಂಬುದು ನಮ್ಮ ವಾಚಕರಿಗೆ ತಿಳಿದುದೇ. ಆದರೆ ಬಸವಣ್ಣನವರ ಕೂಡಲಸಂಗಮದೇವ, ಚೆನ್ನಬಸವಣ್ಣನವರ ಕೂಡಲಚೆನ್ನಸಂಗಮದೇವ, ಈ ಎರಡರಲ್ಲಿಯೂ ಮೊದಲಿಗೆ ‘ಕೂಡಲ’ ಇದೆ, ನಡುವೆ ಒಂದು ‘ಚೆನ್ನ’ ಮಾತ್ರ ಹೆಚ್ಚು. ಗರಿಯ ಅಂಚು ಮುರಿದು ‘ಕೂಡಲ’ ಎಂಬಷ್ಟೇ ಉಳಿದಿದ್ದರೆ ವಚನವು ಯಾರದು? ಲಿಪಿಕಾರನ ಕೈತಪ್ಪಿನಿಂದ ‘ಚೆನ್ನ’ ಬಿಟ್ಟುಹೋಗಿದ್ದರೆ? ಸೂಚಿಕಾರನು ಇಲ್ಲಿ ತೀರ್ಪು ಕೊಡಲು ಹೋಗಬಾರದು. ‘ಅಂಕಿತ: ಕೂಡಲ... (ಗರಿ ಮುರಿದಿದೆ)’ ಎಂದು ಕಂಡಷ್ಟನ್ನು ಬರೆದು, ಕರ್ತೃವಿನ ಅಂಕಣದಲ್ಲಿ ಚೌಕ ಕಂಸದೊಳಗೆ ತನ್ನ ಊಹೆಯನ್ನು ಪ್ರಶ್ನಾರ್ಥಕ ಚಿಹ್ನೆಯೊಡನೆ ಇಡಬೇಕು. ತೀರ್ಪು ಸಂಪಾದಕರದು, ಅವರಿಗೆ ಸಾಕ್ಷಿಯನ್ನು ಕೆಡದಂತೆ ಒಪ್ಪಿಸುವುದು ಸೂಚಿಕಾರನ ಕರ್ತವ್ಯ.

ಕಟ್ಟು ಬೇರೆ, ಕೃತಿ ಬೇರೆ

ಒಂದೇ ಕಟ್ಟಿನಲ್ಲಿ ಹಲವು ಕೃತಿಗಳಿರುವುದು ನಮ್ಮಲ್ಲಿ ಸಾಮಾನ್ಯ. ಮೊದಲಿಗೆ ವಚನಗಳು, ನಡುವೆ ಸ್ವರವಚನಗಳು, ಬಳಿಕ ವೈದ್ಯದ ಒಂದು ಪಾಠ, ಕಡೆಗೆ ಮನೆಯ ಸಾಲದ ಲೆಕ್ಕ, ಹೀಗೂ ಉಂಟು. ಕಟ್ಟಿಗೊಂದೇ ನಮೂದು ಬರೆದರೆ ನಡುವಿನವು ಮುಚ್ಚಿಹೋಗುತ್ತವೆ. ಕೃತಿಗೊಂದೊಂದು ನಮೂದು ಬರೆದು ಕಟ್ಟನ್ನು ಮರೆತರೆ ಅವೆಲ್ಲ ಒಂದೇ ದಾರದಲ್ಲಿದ್ದವೆಂಬ ಸಂಗತಿ ಮರೆಯಾಗುತ್ತದೆ. ಆದುದರಿಂದ ಎರಡು ಹಂತದ ಸಂಖ್ಯೆ ಬೇಕು. ಕಟ್ಟಿಗೆ 12 ಎಂದಿದ್ದರೆ ಅದರೊಳಗಿನ ಕೃತಿಗಳು 12/1, 12/2, 12/3. ಪ್ರತಿಯೊಂದಕ್ಕೂ ಅದು ಯಾವ ಗರಿಯಿಂದ ಯಾವ ಗರಿಯವರೆಗೆ ಎಂಬ ವಿವರ.

ಸಾಲದ ಲೆಕ್ಕವನ್ನು ಸೂಚಿಯಲ್ಲಿ ಏಕೆ ಬರೆಯಬೇಕೆಂದು ಕೆಲವರು ಕೇಳಬಹುದು. ಆ ಲೆಕ್ಕದಲ್ಲಿರುವ ಊರಿನ ಹೆಸರು, ಮನೆತನದ ಹೆಸರು, ಸಂವತ್ಸರದ ಹೆಸರುಗಳಿಂದಲೇ ಎಷ್ಟೋ ಸಲ ಪ್ರತಿಯ ಕಾಲವೂ ಸ್ಥಳವೂ ಗೊತ್ತಾಗುತ್ತವೆ. ಇದೇ ಕಾರಣದಿಂದ, ಒಂದು ಮನೆಯಿಂದ ಬಂದ ಕಟ್ಟುಗಳನ್ನು ವಿಷಯಾನುಸಾರ ಬೇರೆ ಬೇರೆ ಪೆಟ್ಟಿಗೆಗಳಿಗೆ ಹಂಚಬಾರದು. ಒಂದು ಮೂಲದಿಂದ ಬಂದ ದಾಖಲೆಗಳನ್ನು ಒಟ್ಟಾಗಿಯೇ ಇಡಬೇಕೆಂಬ ತತ್ತ್ವವನ್ನು ಫ್ರಾನ್ಸಿನ ದಾಖಲೆ ಭಂಡಾರಗಳು 1841ರಲ್ಲಿಯೇ ನಿಯಮವಾಗಿ ಅಂಗೀಕರಿಸಿದವು. ವಿಷಯಾನುಸಾರ ಹುಡುಕುವವರಿಗೆ ಸೂಚಿಯಲ್ಲಿ ದಾರಿಯಿದ್ದರೆ ಸಾಕು, ಪೆಟ್ಟಿಗೆಯನ್ನು ಕಲಕಬೇಕಾಗಿಲ್ಲ.

ಭಾಷೆ, ಲಿಪಿ, ಮಾಧ್ಯಮ, ಪ್ರಮಾಣ

ಭಾಷೆಯೂ ಲಿಪಿಯೂ ಒಂದೇ ಎಂದು ತಿಳಿಯುವುದು ಹೊಸ ಸೂಚಿಕಾರರ ಸಾಮಾನ್ಯ ತಪ್ಪು. ಕನ್ನಡ ಲಿಪಿಯಲ್ಲಿ ಬರೆದ ಸಂಸ್ಕೃತ ಗ್ರಂಥಗಳು ನಮ್ಮ ಮಠಗಳಲ್ಲಿ ಬೇಕಾದಷ್ಟಿವೆ. ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಕಂಡು, 1909ರಲ್ಲಿ ಅಚ್ಚು ಹಾಕಿಸಿ ಲೋಕವನ್ನೇ ಬೆರಗುಗೊಳಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಭಾಷೆಯಿಂದ ಸಂಸ್ಕೃತ, ಲಿಪಿಯಿಂದ ಗ್ರಂಥಲಿಪಿ. ಎರಡಕ್ಕೂ ಬೇರೆ ಬೇರೆ ಅಂಕಣಗಳಿಲ್ಲದ ಸೂಚಿಯಲ್ಲಿ ಇಂಥ ಪ್ರತಿಯ ಗುರುತು ಅರ್ಧವಾಗಿಯೇ ಉಳಿಯುತ್ತದೆ.

ಮಾಧ್ಯಮವೆಂದರೆ ಬರಹವನ್ನು ಹೊತ್ತ ವಸ್ತು: ತಾಳೆಯ ಗರಿಯೋ ಶ್ರೀತಾಳೆಯ ಗರಿಯೋ, ಕೈಕಾಗದವೋ, ಹುಣಿಸೆಬೀಜದ ಸರಿ ಮತ್ತು ಇದ್ದಿಲಿನ ಲೇಪ ಕೊಟ್ಟ ಬಟ್ಟೆಯನ್ನು ಮಡಿಸಿ ಬಳಪದಿಂದ ಬರೆದ ಕಡತವೋ ಎಂಬುದನ್ನು ಹೇಳಬೇಕು. ಕಡತದ ಬರಹವು ಒರಸಿದರೆ ಹೋಗುವಂಥದು. ಅದನ್ನು ಓಲೆಯಂತೆ ಕೈಯಿಂದ ಉಜ್ಜಿ ನೋಡಬಾರದೆಂಬ ಎಚ್ಚರಿಕೆಯೂ ಸೂಚಿಯಿಂದಲೇ ಓದುಗನಿಗೆ ದೊರೆಯಬೇಕು.

ಪ್ರಮಾಣದ ವಿಷಯದಲ್ಲಿ ನಮ್ಮ ಹಿರಿಯರದೇ ಒಂದು ಸೊಗಸಾದ ಕ್ರಮವುಂಟು. ಮೂವತ್ತೆರಡು ಅಕ್ಷರಗಳನ್ನು ಒಂದು ‘ಗ್ರಂಥ’ವೆಂದು ಎಣಿಸುವುದು ಆ ಕ್ರಮ. ಒಂದು ಕಟ್ಟಿನಲ್ಲಿ 120 ಗರಿಗಳು, ಗರಿಗೆ ಎರಡು ಪಾರ್ಶ್ವ, ಪಾರ್ಶ್ವಕ್ಕೆ 7 ಪಂಕ್ತಿ, ಪಂಕ್ತಿಗೆ ಸುಮಾರು 48 ಅಕ್ಷರಗಳಿದ್ದರೆ ಒಟ್ಟು 80,640 ಅಕ್ಷರಗಳಾದವು. 32ರಿಂದ ಭಾಗಿಸಿದರೆ 2,520 ಗ್ರಂಥ. ಒಂದೇ ಕೃತಿಯ ಇನ್ನೊಂದು ಪ್ರತಿ 1,600 ಗ್ರಂಥವೆಂದು ಬೇರೆಡೆಯ ಸೂಚಿಯಲ್ಲಿದ್ದರೆ, ಎರಡರಲ್ಲಿ ಒಂದು ಅಪೂರ್ಣವೋ ಭಿನ್ನಪಾಠವೋ ಆಗಿರಬೇಕೆಂದು ಕಟ್ಟು ಬಿಚ್ಚುವ ಮೊದಲೇ ಅನುಮಾನಿಸಬಹುದು. ಇದರ ಜೊತೆಗೆ ಗರಿಯ ಉದ್ದಗಲಗಳನ್ನು ಸೆಂಟಿಮೀಟರುಗಳಲ್ಲಿ ಕೊಟ್ಟು, ಯಾವ ಸಂಖ್ಯೆಯ ಗರಿಗಳು ಇಲ್ಲವೆಂಬುದನ್ನೂ ತಪ್ಪದೆ ಬರೆಯಬೇಕು. ‘ಅಪೂರ್ಣ’ ಎಂಬ ಒಂದೇ ಮಾತಿನಿಂದ ಪ್ರಯೋಜನವಿಲ್ಲ. ‘ಗರಿ 1ರಿಂದ 7 ಮತ್ತು 43 ಇಲ್ಲ’ ಎಂದು ಬರೆದಿದ್ದರೆ, ಬೇರೊಂದು ಭಂಡಾರದಲ್ಲಿ ಬಿಡಿಯಾಗಿ ಬಿದ್ದಿರುವ ಏಳು ಗರಿಗಳು ಎಂದಾದರೊಂದು ದಿನ ತಮ್ಮ ಕಟ್ಟನ್ನು ಸೇರಬಹುದು.

ಕಾಲನಿರ್ದೇಶ

ಕಾಲವನ್ನು ಬರೆಯುವಾಗ ಎರಡು ಕಾಲಗಳನ್ನು ಬೆರೆಸಬಾರದು: ಕೃತಿ ಹುಟ್ಟಿದ ಕಾಲ ಒಂದು, ಈ ಪ್ರತಿಯನ್ನು ಬರೆದ ಕಾಲ ಇನ್ನೊಂದು. ವಚನಗಳು ಹನ್ನೆರಡನೆಯ ಶತಮಾನದವಾದರೂ ನಮಗೆ ಉಳಿದುಬಂದಿರುವ ಪ್ರತಿಗಳು ಅನಂತರದ ಶತಮಾನಗಳವು. ಇದನ್ನು ಮರೆತು ಕಟ್ಟಿನ ಮೇಲೆ ‘12ನೆಯ ಶತಮಾನ’ ಎಂದು ಚೀಟಿ ಅಂಟಿಸಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ.

ಪ್ರತಿಯ ಕಾಲವನ್ನು ಲಿಪಿಕಾರನು ಕಡೆಯ ಗರಿಯಲ್ಲಿ ಸಂವತ್ಸರ, ಮಾಸ, ತಿಥಿ, ವಾರಗಳೊಡನೆ ಹೇಳಿರುವುದುಂಟು. ಶಕವರ್ಷವೂ ಇದ್ದರೆ ಕಷ್ಟವಿಲ್ಲ. ಶಕ 1750, ಸರ್ವಧಾರಿ ಎಂದಿದ್ದರೆ 78ನ್ನು ಕೂಡಿಸಿ 1828ನೆಯ ಇಸವಿ ಎನ್ನಬಹುದು. ಪುಷ್ಯ ಮಾಸದ ನಡುವಿನಿಂದ ಫಾಲ್ಗುನದವರೆಗಿನ ತಿಥಿಯಾದರೆ ಇಸವಿ ಮುಂದಿನದಾಗಿ 1829 ಆಗುತ್ತದೆ. ಆದರೆ ‘ಸರ್ವಧಾರಿ ಸಂವತ್ಸರ’ ಎಂದಷ್ಟೇ ಇದ್ದರೆ, ಸಂವತ್ಸರಗಳು ಅರವತ್ತು ವರ್ಷಗಳಿಗೊಮ್ಮೆ ಮರಳಿ ಬರುವುದರಿಂದ, ಅದು 1768–69 ಆಗಬಹುದು, 1828–29 ಆಗಬಹುದು, 1888–89 ಆಗಬಹುದು. ಅಕ್ಷರದ ವಾಟವನ್ನು ನೋಡಿ ಒಂದನ್ನು ಆರಿಸುವ ಆಸೆಯಾಗುತ್ತದೆ. ಆರಿಸಲಿ, ಆದರೆ ಚೌಕ ಕಂಸದಲ್ಲಿ. ಓಲೆಯ ಮಾತನ್ನು ಹಾಗೆಯೇ ಎತ್ತಿ ಬರೆದಿಟ್ಟಿದ್ದರೆ, ಮುಂದೆ ತಿಥಿವಾರಗಳನ್ನು ಗಣಿತದಿಂದ ತಾಳೆನೋಡಬಲ್ಲವರು ನಮ್ಮ ತಪ್ಪನ್ನು ತಿದ್ದಿಕೊಳ್ಳುತ್ತಾರೆ.

ಆದಿ ಮತ್ತು ಅಂತ್ಯ

ಇಷ್ಟೆಲ್ಲ ಬರೆದ ಮೇಲೆಯೂ ಒಂದು ಕೆಲಸ ಉಳಿಯುತ್ತದೆ: ಕೃತಿಯ ಮೊದಲ ಎರಡು ಪಂಕ್ತಿಗಳನ್ನೂ ಕೊನೆಯ ಎರಡು ಪಂಕ್ತಿಗಳನ್ನೂ ಲಿಪಿಕಾರನ ಕಾಗುಣಿತದಲ್ಲಿಯೇ, ತಿದ್ದದೆ, ನಕಲು ಮಾಡುವುದು. ವರ್ಣನಾತ್ಮಕ ಸೂಚಿಗಳಲ್ಲಿ ಇದನ್ನು ಆದಿ, ಅಂತ್ಯ ಎಂದು ಕರೆಯುತ್ತಾರೆ. ಹೆಸರು ಬೇರೆಯಾಗಬಹುದು, ಕರ್ತೃ ಸಂದೇಹವಾಗಬಹುದು. ಆದಿ ಅಂತ್ಯಗಳನ್ನು ಹೋಲಿಸಿ ನೋಡಿದರೆ ಎರಡು ಪ್ರತಿಗಳು ಒಂದೇ ಕೃತಿಯವೆ ಎಂಬುದು ಬಹುಮಟ್ಟಿಗೆ ನಿಶ್ಚಯವಾಗುತ್ತದೆ. ಇನ್ನೊಂದು ಪ್ರಯೋಜನವನ್ನು ಮೇಲಿನ ಏಳು ಕಟ್ಟುಗಳ ಸಂಗತಿಯಿಂದ ಊಹಿಸಿಕೊಳ್ಳಬಹುದು. ಕಟ್ಟಿನ ಮೇಲಿನ ಚೀಟಿಯನ್ನು ಕಿತ್ತೆಸೆಯಬಹುದು, ಹಲಗೆಯನ್ನು ಬದಲಿಸಬಹುದು, ದಾರವನ್ನು ಹೊಸದು ಮಾಡಬಹುದು. ಲಿಪಿಕಾರನು ಕಂಠದಿಂದ ಕೊರೆದ ಅಕ್ಷರವನ್ನು ಹಾಗೆ ಬದಲಿಸಲಾಗದು. ಗರಿಗಳ ಸಂಖ್ಯೆ, ಅಳತೆ, ಆದಿ, ಅಂತ್ಯ ಇಷ್ಟು ನಮ್ಮ ಸೂಚಿಯಲ್ಲಿದ್ದರೆ, ಕಳೆದುಹೋದ ಕಟ್ಟು ಎಲ್ಲಿ ಸಿಕ್ಕಿದರೂ ನಮ್ಮದೆಂದು ಕೇಳುವ ಹಕ್ಕು ನಮಗಿರುತ್ತದೆ.

ಸೂಚಿಗಳ ಸೂಚಿ

ಒಂದೊಂದು ಭಂಡಾರದ ಸೂಚಿ ಸರಿಯಾಗಿದ್ದರೆ ಮಾತ್ರ ಅವೆಲ್ಲವನ್ನೂ ಕೂಡಿಸಿದ ಮಹಾಸೂಚಿ ಸಾಧ್ಯ. ಜರ್ಮನಿಯ ಥಿಯೋಡೋರ್ ಔಫ್ರೆಕ್ಟ್ ಪಂಡಿತನು ಅಂದಿನವರೆಗೆ ಪ್ರಕಟವಾಗಿದ್ದ ಸಂಸ್ಕೃತ ಹಸ್ತಪ್ರತಿ ಸೂಚಿಗಳನ್ನು ಒಟ್ಟುಗೂಡಿಸಿ, 1891ರಿಂದ 1903ರವರೆಗೆ ಮೂರು ಭಾಗಗಳಲ್ಲಿ ಸೂಚಿಗಳ ಸೂಚಿಯನ್ನು ಹೊರತಂದನು. ಅದನ್ನು ಹೊಸದಾಗಿ ವಿಸ್ತರಿಸುವ ಕಾರ್ಯವನ್ನು ಮದ್ರಾಸು ವಿಶ್ವವಿದ್ಯಾನಿಲಯವು 1935ರಲ್ಲಿ ಕೈಗೊಂಡಿತು, ವಿ. ರಾಘವನ್ ಅವರಂಥವರು ಅದಕ್ಕಾಗಿ ದಶಕಗಳ ಕಾಲ ದುಡಿದರು. ಕೇಂದ್ರ ಸರ್ಕಾರವು 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. 2025ರ ಆಯವ್ಯಯದಲ್ಲಿ ‘ಜ್ಞಾನ ಭಾರತಂ’ ಎಂಬ ಹೆಸರಿನಲ್ಲಿ ಒಂದು ಕೋಟಿಗೂ ಮೀರಿದ ಹಸ್ತಪ್ರತಿಗಳ ಸಮೀಕ್ಷೆ, ದಾಖಲೆ, ಸಂರಕ್ಷಣೆಗಳ ಯೋಜನೆಯನ್ನು ಘೋಷಿಸಿತು.

ಈಗ ಕಂಪ್ಯೂಟರಿನ ಕಾಲ. ಗರಿಗಳ ಛಾಯಾಚಿತ್ರಗಳನ್ನೇ ತೆಗೆದಿಟ್ಟರೆ ಸೂಚಿ ಏಕೆಂದು ಕೆಲವು ತರುಣರು ನನ್ನನ್ನು ಕೇಳಿದ್ದುಂಟು. ಛಾಯಾಚಿತ್ರ ಬೇಕು, ಓಲೆಯನ್ನು ಪದೇ ಪದೇ ಮುಟ್ಟುವುದು ಅದರಿಂದ ತಪ್ಪುತ್ತದೆ. ಆದರೆ ಹತ್ತು ಸಾವಿರ ಚಿತ್ರಗಳ ರಾಶಿಯಲ್ಲಿ ನನಗೆ ಬೇಕಾದ ಗರಿ ಯಾವುದು? ಚಿತ್ರದ ಕಡತಕ್ಕೆ ಕಟ್ಟಿನ ಸಂಖ್ಯೆ, ಕೃತಿಯ ಸಂಖ್ಯೆ, ಗರಿಯ ಸಂಖ್ಯೆ, ಪಾರ್ಶ್ವ ಇವುಗಳಿಂದ ಹೆಸರಿಡದಿದ್ದರೆ ಅದು ‘ತಾಳೆಗರಿ ಕಟ್ಟು – ವಚನ’ ಎಂಬ ಹಳೆಯ ಸಾಲಿನ ಹೊಸ ರೂಪವಷ್ಟೆ. ಇನ್ನೊಂದು ಮಾತು: ಯಂತ್ರವು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ‘ಚನ್ನಬಸವಣ್ಣ’, ‘ಚೆನ್ನಬಸವಣ್ಣ’ ಎಂದು ಎರಡು ಬಗೆಯಾಗಿ ಬರೆದರೆ ನಾವು ಇಬ್ಬರನ್ನೂ ಒಬ್ಬರೆಂದು ಬಲ್ಲೆವು. ಹೇಳಿಕೊಡದ ಹೊರತು ಯಂತ್ರಕ್ಕೆ ಅವರು ಇಬ್ಬರು. ಏಕರೂಪದ ಹೆಸರುಗಳ ನಿಯಮಕ್ಕೆ ಇಂದು ಹಿಂದೆಂದಿಗಿಂತಲೂ ಹೆಚ್ಚಿನ ಬೆಲೆ ಬಂದಿರುವುದು ಇದರಿಂದ.

ವಾಚಕರಲ್ಲಿ ಒಂದು ವಿಜ್ಞಾಪನೆ

ವಿಜಯಪುರದ ಫ. ಗು. ಹಳಕಟ್ಟಿಯವರು ವಕೀಲಿಯ ನಡುವೆ ಊರೂರು ಅಲೆದು, ಮನೆಮನೆಯ ಓಲೆಗಳನ್ನು ಕೂಡಿಹಾಕಿದುದರಿಂದ 1923ರಲ್ಲಿ ವಚನಶಾಸ್ತ್ರಸಾರ ಬೆಳಕು ಕಂಡಿತು. ಅವರ ಕೈಗೆ ಸಿಕ್ಕದ ಕಟ್ಟುಗಳು ಇನ್ನೂ ನಮ್ಮ ಅಟ್ಟಗಳ ಮೇಲೆ, ಜಗಲಿಯ ಮಾಡುಗಳಲ್ಲಿ ಇರಬಹುದು. ಅಂಥದೊಂದು ನಿಮ್ಮ ಮನೆಯಲ್ಲಿದ್ದರೆ ದಾರವನ್ನು ಕಡಿಯಬೇಡಿರಿ, ಗರಿಗಳ ಕ್ರಮವನ್ನು ಕೆಡಿಸಬೇಡಿರಿ, ಗರಿಯ ಮೇಲೆ ಲೇಖನಿಯಿಂದ ಏನನ್ನೂ ಬರೆಯಬೇಡಿರಿ. ಒಂದು ಹಾಳೆಯಲ್ಲಿ ಇಷ್ಟನ್ನು ಮಾತ್ರ ಬರೆಯಿರಿ: ಕಟ್ಟಿಗೆ ನೀವು ಕೊಟ್ಟ ಸಂಖ್ಯೆ; ಅದು ಯಾರ ಮನೆಯದು, ಅಲ್ಲಿಗೆ ಹೇಗೆ ಬಂದಿತು; ಓಲೆಯೋ ಕಾಗದವೋ ಕಡತವೋ; ಉದ್ದ, ಅಗಲ; ಗರಿಗಳೆಷ್ಟು, ಇಲ್ಲದ ಗರಿಗಳು ಯಾವುವು; ಪಾರ್ಶ್ವಕ್ಕೆ ಪಂಕ್ತಿಗಳೆಷ್ಟು; ಭಾಷೆ; ಲಿಪಿ; ಓಲೆಯಲ್ಲಿ ಕಂಡ ಹೆಸರು, ಅಂಕಿತ, ತೇದಿ; ಮೊದಲ ಎರಡು ಪಂಕ್ತಿ, ಕೊನೆಯ ಎರಡು ಪಂಕ್ತಿ. ಓದಲು ಬಾರದ ಅಕ್ಷರವಿದ್ದಲ್ಲಿ ಚುಕ್ಕಿಯನ್ನಿಡಿರಿ. ನಿಮಗೆ ತೋಚಿದುದನ್ನು ಚೌಕ ಕಂಸದಲ್ಲಿಡಿರಿ. ಹಾಳೆಯ ಒಂದು ಪ್ರತಿ ಕಟ್ಟಿನ ಜೊತೆಗೂ ಇನ್ನೊಂದು ಬೇರೆ ಕಡೆಯೂ ಇರಲಿ. ಕಟ್ಟಿನ ಸಂಗಡ ಸೂಚಿಯೂ ಹೋದರೆ ಸೂಚಿಯಿದ್ದೂ ಇಲ್ಲದಂತೆಯೇ. ಇದಕ್ಕೆ ಪಾಂಡಿತ್ಯ ಬೇಡ. ಒಂದು ಮಧ್ಯಾಹ್ನದ ಬಿಡುವು, ಕಂಡುದನ್ನು ಕಂಡಂತೆ ಬರೆಯುವ ತಾಳ್ಮೆ, ಇವೆರಡು ಸಾಕು.

ಆ ಮಠದಲ್ಲಿ ಉಳಿದ 34 ಕಟ್ಟುಗಳಿಗೂ ಈಗ ಇಂಥ ಹಾಳೆಗಳಿವೆ. ಬಸವಣ್ಣನವರ ವಚನಗಳೆಂದು ನಾನು ಚೀಟಿ ಬರೆದಿದ್ದ ಕಟ್ಟಿಗೂ ಹೊಸ ಹಾಳೆ ಬಂದಿದೆ. ಹಳೆಯ ಚೀಟಿಯನ್ನು ಕೀಳದೆ, ಅದು ತಪ್ಪೆಂಬ ಟಿಪ್ಪಣಿಯೊಡನೆ ಅಲ್ಲಿಯೇ ಇಟ್ಟಿದ್ದೇನೆ. ಪಟ್ಟಿಯ ಆ ಏಳು ಸಾಲುಗಳ ಎದುರಿಗೆ ‘ಈಗ ಇಲ್ಲ’ ಎಂದು ಬರೆದು ತೇದಿ ಹಾಕಿ ರುಜು ಮಾಡಿದೆನು. ಅವುಗಳ ವಿಷಯದಲ್ಲಿ ಖಚಿತವಾಗಿ ಬರೆಯಬಹುದಾದುದು ಅಷ್ಟೇ ಆಗಿದ್ದಿತು.